ಹಸಿ ತೂಕ

ನಮ್ಮ ಮನೆಯ ಅಡುಗೆಗೆ ಇರುವ ಅಳತೆಗಳು ಎರಡೇ: ಅಕ್ಕಿಗೆ ಹಿತ್ತಾಳೆಯ ಪಾವು, ಉಳಿದದ್ದಕ್ಕೆಲ್ಲ ಅಮ್ಮನ ಕಣ್ಣು. ಈ ರಾಜ್ಯಭಾರದ ನಡುವೆ ನಾನು ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಂದಿಟ್ಟದ್ದೇ ಎಲ್ಲ ಅನರ್ಥಕ್ಕೂ ಮೂಲ.

ತಪ್ಪು ನನ್ನದಲ್ಲ, ಹೊಟ್ಟೆಯದು. ಅಂಗಿಯ ಕೆಳಗಿನ ಗುಂಡಿ ಮೂರನೆಯ ಸಲ ಹಾರಿದ ದಿನ, ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯನ್ನು ಮೊಬೈಲಿಗೆ ಇಳಿಸಿಕೊಂಡೆ. ಬಿರಿಯಾನಿಯ ಊರಿನಲ್ಲಿ ಕುಳಿತು ಮಿತಾಹಾರದ ಬಗ್ಗೆ 17 ಸೂತ್ರ ಬರೆದವರ ಮನೋಬಲಕ್ಕೆ ಮೊದಲು ಕೈಮುಗಿದೆ. ಸೂತ್ರಗಳನ್ನು ಪೂರ್ತಿ ಓದುವ ತಾಳ್ಮೆ ಇರಲಿಲ್ಲ. ಒಂದು ದಿನದ ತಟ್ಟೆಯ ಚಿತ್ರವಿತ್ತು, ಅದು ಸಾಕೆನಿಸಿತು. 2000 ಕಿಲೋಕ್ಯಾಲೊರಿಗೆ ಧಾನ್ಯ 250 ಗ್ರಾಂ, ತರಕಾರಿ 400, ಬೇಳೆಕಾಳು 85, ಹಣ್ಣು 100, ಬೀಜಗಳು 35, ಎಣ್ಣೆ 27, ಹಾಲು ಅಥವಾ ಮೊಸರು 300 ಮಿಲಿಲೀಟರ್. ಇಷ್ಟು ಸ್ಪಷ್ಟವಾಗಿರುವಾಗ ಇನ್ನೇನು ಓದುವುದು?

ಮರುದಿನದಿಂದ ನನ್ನ ತಟ್ಟೆ ತಕ್ಕಡಿಯ ಮೇಲೆಯೇ ಕುಳಿತಿತು. ಬೆಳಿಗ್ಗೆ ಎರಡು ಇಡ್ಲಿ ತೂಗಿದೆ. ದಿನದ ಧಾನ್ಯದಲ್ಲಿ ಹತ್ತಿರ ಹತ್ತಿರ ಅರ್ಧ ಖರ್ಚು. ಮಧ್ಯಾಹ್ನ ಒಂದು ಸೌಟು ಅನ್ನ. ರಾತ್ರಿಗೆ ಉಳಿದದ್ದು ನಿಂಬೆಹಣ್ಣಿನ ಗಾತ್ರದ ಮುದ್ದೆ. ಮುದ್ದೆಯನ್ನು ಚಿವುಟಿ ಚಿವುಟಿ ತಕ್ಕಡಿಯಿಂದ ತೆಗೆಯುವಾಗ ಅಮ್ಮ ಅಡುಗೆಮನೆಯಿಂದಲೇ ಎದ್ದು ಹೋದರು. ಬೇಳೆಯ ಲೆಕ್ಕಕ್ಕೆಂದು 85 ಗ್ರಾಂ ಹುಳಿಯನ್ನೇ ತೂಗಿದೆ. ಅದರಲ್ಲಿ ನುಗ್ಗೆಕಾಯಿ ಬಂದರೆ, ಅಗಿದು ಉಗುಳಿದ ಸಿಪ್ಪೆಯನ್ನು ಮತ್ತೆ ತೂಗಿ ಕಳೆಯಬೇಕೇ ಎಂಬುದನ್ನು ಚಿತ್ರದಲ್ಲಿ ಬರೆದಿರಲಿಲ್ಲ. ತರಕಾರಿಗೆ ಮಾತ್ರ ಧಾರಾಳ ಅನುಮತಿ ಇತ್ತಲ್ಲ! ಬೇಯಿಸಿದ ಹುರುಳಿಕಾಯಿ ಪಲ್ಯ 400 ಗ್ರಾಂ ಎಂದರೆ ಮದುವೆಮನೆಯ ಒಂದು ಪಂಕ್ತಿಗೆ ಬಡಿಸಬಹುದಾದ ರಾಶಿ. ಅನ್ನಕ್ಕೆ ಪಲ್ಯ ನೆಂಚಿಕೊಳ್ಳುತ್ತಿದ್ದವನು ಪಲ್ಯಕ್ಕೆ ಅನ್ನ ನೆಂಚಿಕೊಳ್ಳತೊಡಗಿದೆ.

ಇದರ ಮೇಲೆ ಕಾಫಿ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ, ಟೀ ಬೇಡವಂತೆ. ಅವುಗಳಲ್ಲಿನ ಟ್ಯಾನಿನ್ ಕಬ್ಬಿಣದ ಅಂಶವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ. ಇಡ್ಲಿಯ ಬೆನ್ನಿಗೇ ಕಾಫಿ ಬರದಿದ್ದರೆ ತಿಂಡಿ ಮುಗಿದದ್ದು ಗೊತ್ತಾಗುವುದಾದರೂ ಹೇಗೆ? ಕೈ ತೊಳೆಯದೆ ಹಾಗೆಯೇ ಕುಳಿತಿರುತ್ತಿದ್ದೆ.

ಆರನೆಯ ದಿನ ಕಚೇರಿಯಲ್ಲಿ ಒಂದು ಸ್ಟೇಪ್ಲರ್‌ಗಾಗಿ ಜಗಳವಾಡಿದೆ. ಎಂಟನೆಯ ದಿನ ಸಹೋದ್ಯೋಗಿಯೊಬ್ಬರು, "ಮನೆಯಲ್ಲಿ ಎಲ್ಲರೂ ಕ್ಷೇಮ ತಾನೆ?" ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಅಂದು ರಾತ್ರಿ ಕನಸಿನಲ್ಲಿ ಹೋಳಿಗೆ ಬಂತು, ಬಂದು ತಕ್ಕಡಿ ನೋಡಿ ಹೊರಟುಹೋಯಿತು.

ಒಂಬತ್ತನೆಯ ದಿನ ಮಗಳು ನನ್ನ ಮೊಬೈಲನ್ನು ಇಸಿದುಕೊಂಡು ಆ ಚಿತ್ರದ ಆಸುಪಾಸನ್ನೆಲ್ಲ ಓದಿದಳು. "ಅಪ್ಪಾ, ಇದೆಲ್ಲ ಹಸಿ ತೂಕ. ಬೇಯಿಸುವುದಕ್ಕೆ ಮೊದಲಿನದು."

ನಾನು ಮಾತನಾಡಲಿಲ್ಲ. ಅಕ್ಕಿ ಬೆಂದರೆ ಎರಡೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ. ಅಂದರೆ ಒಂಬತ್ತು ದಿನ ನನಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಅನ್ನ, ಮುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನೇ ನನ್ನಿಂದ ಕಸಿದುಕೊಂಡಿದ್ದೆ.

"ಅವರು ಹಸಿ ಎಂದು ಬರೆದರು, ಇವನು ಹಸಿವು ಎಂದು ಓದಿಕೊಂಡ" ಎಂದ ಅಮ್ಮ, ಪಾವು ಕೈಗೆತ್ತಿಕೊಂಡು ಅಕ್ಕಿ ಡಬ್ಬಿಯತ್ತ ನಡೆದರು.

ತಕ್ಕಡಿ ಈಗ ಅವರ ಸ್ವಾಧೀನದಲ್ಲಿದೆ. ತಳ್ಳುಗಾಡಿಯವನು ಕೊಟ್ಟ ಒಂದು ಕಿಲೋ ಬೀನ್ಸನ್ನು ಅವನ ಎದುರಿಗೇ ಮತ್ತೆ ತೂಗಿ, 870 ಗ್ರಾಂ ಎಂದು ಬೀದಿಗೆಲ್ಲ ಕೇಳಿಸುವಂತೆ ಘೋಷಿಸಿದರು. ಅಂದಿನಿಂದ ಅವನು ನಮ್ಮ ಮನೆ ಬಂದ ಕೂಡಲೇ ಕೂಗುವುದನ್ನು ನಿಲ್ಲಿಸಿ ಗಾಡಿಯನ್ನು ಸರಸರನೆ ತಳ್ಳಿಕೊಂಡು ಹೋಗುತ್ತಾನೆ. ನನ್ನ 400 ಗ್ರಾಂ ತರಕಾರಿಗೆ ಈಗ ನಾನೇ ಚೀಲ ಹಿಡಿದು ಸಂತೆಗೆ ನಡೆಯಬೇಕಾಗಿದೆ.