ಓಣಿ ತುಂಬ ಹತ್ತು

ಕಲಬುರಗಿಯ ನಮ್ಮ ಓಣಿಯಲ್ಲಿ ಬಿಸಿಲು ಇಳಿದ ಮೇಲೆ ಫುಟ್‌ಬಾಲ್ ಆಡುವವರು ಒಂಬತ್ತು ಹುಡುಗರು. ಏಳು ಜನರ ಜೆರ್ಸಿಯ ಬೆನ್ನ ಮೇಲೆ ಹತ್ತರ ಅಂಕಿ. ಗೋಲು ಕಾಯುವವನದೂ ಹತ್ತೇ. ಯಾರಾದರೂ ‘ಹತ್ತು, ಹತ್ತು’ ಎಂದು ಕೂಗಿದರೆ ಎದುರು ಪಕ್ಷದವನೂ ತಿರುಗಿ ನೋಡುತ್ತಾನೆ. ಅಣ್ಣನ ಮಗನಿಗೆ ಜೆರ್ಸಿ ಕೊಡಿಸಲು ಸೂಪರ್ ಮಾರ್ಕೆಟ್‌ಗೆ ಹೋದಾಗ, “ನೀನು ಹಿಂದೆ ನಿಂತು ಆಡುವವನು, ಎರಡೋ ಮೂರೋ ತೆಗೆದುಕೊ” ಎಂದೆ. ಹುಳ ಬಿದ್ದ ಜೋಳವನ್ನು ನೋಡುವಂತೆ ನನ್ನನ್ನು ನೋಡಿದ.

ನನ್ನ ಮಾತಿಗೆ ಆಧಾರವಿತ್ತು. 1928ರ ಆಗಸ್ಟ್ 25ರಂದು ಇಂಗ್ಲೆಂಡಿನ ಲೀಗಿನಲ್ಲಿ ಆರ್ಸೆನಲ್, ಚೆಲ್ಸಿ ತಂಡಗಳು ಅಂಕಿ ಹಚ್ಚಿಕೊಂಡು ಆಡಿದಾಗ ಅದು ಆಳಿನ ಗುರುತಾಗಿರಲಿಲ್ಲ, ಜಾಗದ ಗುರುತಾಗಿತ್ತು. ಒಂದು ಗೋಲಿಗೆ, ಎರಡು ಮೂರು ಹಿಂದಿನ ಕಾವಲಿಗೆ, ಒಂಬತ್ತು ಮುನ್ನುಗ್ಗುವವನಿಗೆ. 1933ರ ಎಫ್‌ಎ ಕಪ್ ಫೈನಲ್‌ನಲ್ಲಂತೂ ಎವರ್ಟನ್‌ಗೆ 1ರಿಂದ 11, ಮ್ಯಾಂಚೆಸ್ಟರ್ ಸಿಟಿಗೆ 12ರಿಂದ 22. ಅಂಕಿಯೆಂದರೆ ಬೀದರಿಗೆ ಹೋಗುವ ಬಸ್ಸಿನ ಸೀಟು. ಇವತ್ತು ಕುಳಿತವನದು, ನಾಳೆ ಇನ್ನೊಬ್ಬನದು. 1958ರ ವಿಶ್ವಕಪ್‌ನಲ್ಲಿ ಹದಿನೇಳರ ಹುಡುಗ ಪೆಲೆ ಹತ್ತನೆಯ ಸೀಟಿಗೆ ಟವೆಲ್ ಹಾಕಿದ ನೋಡಿ, ಅಲ್ಲಿಂದ ಶುರುವಾಯಿತು ನೂಕುನುಗ್ಗಲು.

ಡಚ್ಚರು ನಮ್ಮ ಶಾಲೆಯ ಮೇಷ್ಟರಂಥವರು. 1974ರ ವಿಶ್ವಕಪ್‌ನಲ್ಲಿ ಅಕಾರಾದಿಯಾಗಿ ಅಂಕಿ ಹಂಚಿಬಿಟ್ಟರು. ಗೋಲ್‌ಕೀಪರ್ ಯಾಂಗ್‌ಬ್ಲೂಡ್‌ಗೆ ಎಂಟು ಬಂತು. ತಂಡದ ನಾಯಕ ಕ್ರೈಫ್‌ಗೆ ಮಾತ್ರ ಪಟ್ಟಿ ಬದಿಗಿಟ್ಟು ಅವನಿಗೆ ಬೇಕಾದ ಹದಿನಾಲ್ಕು. ದೊಡ್ಡವರಿಗೆ ಎಲ್ಲ ಕಡೆಯೂ ಬೇರೆ ಸಾಲು.

ನನಗೆ ಇಷ್ಟವಾದವನು ಚಿಲಿಯ ಜಮೊರಾನೊ. ಇಟಲಿಯ ಇಂಟರ್ ಮಿಲಾನ್ ತಂಡದಲ್ಲಿ ಅವನ ಒಂಬತ್ತು ಬ್ರೆಜಿಲ್‌ನ ರೊನಾಲ್ಡೊ ಪಾಲಾಯಿತು. ಇವನು ಜಗಳವಾಡಲಿಲ್ಲ, ಹದಿನೆಂಟು ತೊಟ್ಟು, ಒಂದು ಮತ್ತು ಎಂಟರ ನಡುವೆ ಪುಟ್ಟದೊಂದು ಕೂಡುವ ಚಿಹ್ನೆ ಹಾಕಿಸಿಕೊಂಡ. ಈ ಕಥೆಯನ್ನು ಹುಡುಗನಿಗೂ ಹೇಳಿದ್ದೆ. ಹತ್ತರ ಹಟ ಬಿಟ್ಟಾನು ಎಂಬ ಆಸೆ.

ಬಿಡಲಿಲ್ಲ, ಹತ್ತೇ ಬಂತು. ಮೂರನೆಯ ಒಗೆತಕ್ಕೆ, ಮಾಳಿಗೆಯ ಮೇಲಿನ ಮೇ ತಿಂಗಳ ಬಿಸಿಲಿಗೆ, ಅಂಟಿಸಿದ್ದ ಸೊನ್ನೆ ಸುರುಟಿಕೊಂಡು ಬಿದ್ದುಹೋಯಿತು. ಬೆನ್ನ ಮೇಲೆ ಒಂದೇ ಒಂದು. ಓಣಿಯ ಹುಡುಗರು ತಡಮಾಡದೆ ಅವನನ್ನು ಗೋಲಿಗೆ ನಿಲ್ಲಿಸಿದರು. ಎರಡು ದಿನ ಮುಖ ಊದಿಸಿಕೊಂಡು ನಿಂತ.

ಮೂರನೆಯ ದಿನ, “ಕಾಕಾ, ಮಾರ್ಕರ್ ಪೆನ್ ಇದೆಯಾ?” ಎಂದು ಕೇಳಿದ. ಕೊಟ್ಟೆ. ಸಂಜೆ ಓಣಿಯಲ್ಲಿ ನೋಡಿದರೆ, ಒಂದರ ಪಕ್ಕದಲ್ಲಿ ಸೊಟ್ಟಗೆ, ಕೂಡುವ ಚಿಹ್ನೆ ಮತ್ತು ಒಂಬತ್ತು.