ಗ್ರೌಲ್ ಇಲ್ಲವೆಂಬ ಒಂದೇ ಕಾರಣಕ್ಕೆ

ನಿನ್ನೆ ಸಂಜೆ ಗೆಳೆಯರೊಬ್ಬರ ಮನೆಯಲ್ಲಿ ಓಪೆತ್ ಕೇಳಲು ಕೂತಿದ್ದೆವು. ಈ ಸ್ವೀಡಿಷ್ ಮೆಟಲ್ ಬ್ಯಾಂಡನ್ನು ಈಗಷ್ಟೇ ಕೇಳಲಾರಂಭಿಸಿದ ಹುಡುಗನೊಬ್ಬನಿದ್ದ. ಅವನಿಗಾಗಿ ಒಂದೊಂದು ಆಲ್ಬಮ್ಮಿನಿಂದ ಒಂದೊಂದು ಹಾಡು ಹಾಕುತ್ತಾ ಬಂದ ಗೆಳೆಯರು, 2008ರ ‘ವಾಟರ್‌ಶೆಡ್’ ಆದ ಮೇಲೆ ನೇರವಾಗಿ 2024ರ ‘ದ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’ಗೆ ಹೋದರು. ನಡುವೆ ಏನೂ ಬರಲಿಲ್ಲವೇ ಎಂದು ಹುಡುಗ ಕೇಳಿದ. “ಬಂದಿವೆ, ಆದರೆ ಅವುಗಳಲ್ಲಿ ಗ್ರೌಲ್ ಇಲ್ಲ, ಬಿಡು” ಎಂಬ ಉತ್ತರ ಬಂತು. ಗ್ರೌಲ್ ಎಂದರೆ ಗಂಟಲಾಳದಿಂದ ಘರ್ಜಿಸುವಂತೆ ಹಾಡುವ ಬಗೆ. ನಾಲ್ಕು ಆಲ್ಬಮ್‌ಗಳು ಒಂದೇ ಮಾತಿನಲ್ಲಿ ಇಲ್ಲವಾದವು. ಅವುಗಳಲ್ಲಿ ಮೊದಲನೆಯದು, 2011ರ ‘ಹೆರಿಟೇಜ್’, ನನಗೆ ತುಂಬ ಹತ್ತಿರದ್ದು. ರಾತ್ರಿಯಿಡೀ ಆ ಮಾತು ಕೊರೆಯುತ್ತಿದ್ದುದರಿಂದ ಇದನ್ನು ಬರೆಯುತ್ತಿದ್ದೇನೆ.

ಒಂದು ಆಲ್ಬಮ್ಮನ್ನು ಅದರಲ್ಲಿ ಇಲ್ಲದಿರುವುದರಿಂದ ಅಳೆಯುವ ಈ ಪದ್ಧತಿ ನನಗೆ ಸಹಿಸಲಾಗದು. ಇರುವುದನ್ನು ಯಾರಾದರೂ ಕೇಳಿದ್ದಾರೆಯೇ? ‘ಹೆರಿಟೇಜ್’ನ ಮೊದಲ ಹಾಡು ಬರಿಯ ಪಿಯಾನೋ. ಯೋಕಿಮ್ ಸ್ವಾಲ್‌ಬರ್ಗ್ ನುಡಿಸಿದ ಆ ಎರಡು ನಿಮಿಷಗಳಲ್ಲಿ, ಸ್ವೀಡನ್ನಿನ ಜಾನಪದ ಧಾಟಿಗಳನ್ನು ಜಾಝ್‌ಗೆ ತಂದ ಯಾನ್ ಯೋಹಾನ್ಸನ್ನರ ನೆರಳು ಸ್ಪಷ್ಟವಾಗಿದೆ. ‘ಸ್ಲಿದರ್’ ಹಾಡು 2010ರಲ್ಲಿ ತೀರಿಕೊಂಡ ಮೆಟಲ್ ಗಾಯಕ ರಾನಿ ಜೇಮ್ಸ್ ಡಿಯೋಗೆ ಸಲ್ಲಿಸಿದ ಗೌರವ. ವೇಗವಾಗಿ ಓಡಿ ಬಂದು, ಕೊನೆಗೆ ಅಕೌಸ್ಟಿಕ್ ಗಿಟಾರಿನ ಮೇಲೆ ಮೆಲ್ಲಗೆ ಇಳಿಯುತ್ತದೆ. ಇನ್ನು ‘ಫ್ಯಾಮಿನ್’: ಅಲೆಕ್ಸ್ ಅಕುನ್ಯಾ ಅವರ ಕೈಬಡಿತದ ತಾಳವಾದ್ಯದಿಂದ ಆರಂಭವಾಗಿ, ಪಿಯಾನೋ ಬಳಿ ತಂಗಿ, ಬಳಿಕ ನೆಲ ನಡುಗಿಸುವಂಥ ನಿಧಾನದ ರಿಫ್‌ಗೆ, ಅಂದರೆ ಮರಳಿ ಮರಳಿ ಬರುವ ಗಿಟಾರ್ ನುಡಿಗೆ, ತಿರುಗುತ್ತದೆ, ಅದರ ಮೇಲೆ ಬ್ಯೋರ್ನ್ ಯೇಸನ್ ಲಿಂಡ್ ಅವರ ಕೊಳಲು, ಉಸಿರು ಕಟ್ಟಿದವರು ಉಸಿರಿಗಾಗಿ ಹೋರಾಡುವ ಹಾಗೆ ಬರುತ್ತದೆ. ಯಾವ ಗ್ರೌಲ್ ಕೇಳಿದಾಗಲೂ ನನಗೆ ಇಷ್ಟು ಭಯವಾಗಿರಲಿಲ್ಲ.

ಧ್ವನಿಮುದ್ರಣದ ಬಗೆಯೂ ಹಾಗೆಯೇ. ಸ್ಟೀವನ್ ವಿಲ್ಸನ್ ಮಾಡಿದ ಮಿಕ್ಸಿಂಗ್‌ನಲ್ಲಿ ವಾದ್ಯಗಳ ನಡುವೆ ಗಾಳಿಯಾಡುತ್ತದೆ. ಮಾರ್ಟಿನ್ ಮೆಂಡೆಸ್ ಅವರ ಬೇಸ್ ಗಿಟಾರುಗಳ ಅಡಿಯಲ್ಲಿ ಮುಚ್ಚಿಹೋಗದೆ ತನ್ನದೇ ದಾರಿ ಹಿಡಿದು ನಡೆಯುತ್ತದೆ; ಹಿಂದೆ ಅಬ್ಬರಕ್ಕೆ ಹೆಸರಾಗಿದ್ದ ಮಾರ್ಟಿನ್ ಅಕ್ಸೆನ್‌ರಾಟ್ ‘ನೆಪೆಂಥಿ’ಯಲ್ಲಿ ಡ್ರಮ್‌ಗಳನ್ನು ಮುಟ್ಟಿಯೂ ಮುಟ್ಟದಂತೆ ನುಡಿಸುತ್ತಾರೆ. ಇಷ್ಟೆಲ್ಲ ಇರುವ ಆಲ್ಬಮ್ಮಿಗೆ ಸಿಕ್ಕ ವಿಮರ್ಶೆ, ಗ್ರೌಲ್ ಇಲ್ಲ!

2003ರ ‘ಡ್ಯಾಮ್ನೇಶನ್’ನಲ್ಲಿಯೂ ಗ್ರೌಲ್ ಇರಲಿಲ್ಲ, ಆದರೂ ಅದನ್ನು ಎಲ್ಲರೂ ಮೆಚ್ಚಿದರು, ಹಾಗಾಗಿ ‘ಹೆರಿಟೇಜ್’ನ ಮೇಲಿನ ದೂರು ಹಾಡುಗಳ ರಚನೆಯ ಬಗೆಗಿನದೇ ಹೊರತು ಕಂಠದ ಬಗೆಗಿನದಲ್ಲ ಎಂದು ವಾದಿಸುವವರಿದ್ದಾರೆ. ತುಣುಕುಗಳನ್ನು ಹೊಲಿದಂತಿದೆ, ಒಂದು ಭಾಗದಿಂದ ಇನ್ನೊಂದಕ್ಕೆ ಜಿಗಿಯುತ್ತದೆ ಎನ್ನುತ್ತಾರೆ. ‘ಹೆಕ್ಸ್‌ಪ್ರೊಸೆಸ್’ ಹಾಡಿನ ಮಟ್ಟಿಗೆ ಇದರಲ್ಲಿ ಒಂದಿಷ್ಟು ಸತ್ಯವಿದೆ ಎಂದು ಒಪ್ಪುತ್ತೇನೆ. ಆದರೆ ಓಪೆತ್‌ನ ಹತ್ತು ನಿಮಿಷದ ಹಳೆಯ ಹಾಡುಗಳು ಜಿಗಿಯುತ್ತಿರಲಿಲ್ಲವೇ? ಅಲ್ಲಿ ಅದನ್ನೇ ಧೈರ್ಯವೆಂದು ಕೊಂಡಾಡಿದವರು ಇಲ್ಲಿ ದೋಷವೆನ್ನುವುದು ಯಾವ ನ್ಯಾಯ? ‘ಡ್ಯಾಮ್ನೇಶನ್’ ಕೂಡ ‘ಡೆಲಿವರೆನ್ಸ್’ ಎಂಬ ಕಠೋರವಾದ ಆಲ್ಬಮ್ಮಿನ ಜೋಡಿಯಾಗಿ ಬಂತು; ಬ್ಯಾಂಡು ಸ್ವಲ್ಪ ವಿಶ್ರಮಿಸುತ್ತಿದೆ, ಮತ್ತೆ ಮರಳುತ್ತದೆ ಎಂಬ ಭರವಸೆ ಕೇಳುಗರಿಗಿತ್ತು. ‘ಹೆರಿಟೇಜ್’ ಅಂಥ ಯಾವ ಭರವಸೆಯನ್ನೂ ಕೊಡಲಿಲ್ಲ. ಜನರಿಗೆ ಸಿಟ್ಟು ಬಂದದ್ದು ಅದಕ್ಕೆ ಎಂದೇ ನನ್ನ ನಂಬಿಕೆ.

ನಾನೂ ಆ ಜನರಲ್ಲಿ ಒಬ್ಬನಾಗಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು. 2011ರಲ್ಲಿ ಎರಡು ಸಲ ಕೇಳಿ, ಮೋಸಹೋದೆನೆಂದು ಭಾವಿಸಿ, ಸಿಕ್ಕವರ ಬಳಿಯೆಲ್ಲ ಹಳಿದಿದ್ದೆ. ಹಲವು ವರ್ಷಗಳ ಬಳಿಕ, ಮನೆಯಲ್ಲೊಂದು ಸಾವು ಸಂಭವಿಸಿ ಯಾವ ಅಬ್ಬರವನ್ನೂ ತಾಳಲಾಗದ ದಿನಗಳಲ್ಲಿ, ಅದೇ ಆಲ್ಬಮ್ಮಿನ ‘ಫೋಕ್‌ಲೋರ್’ ಹಾಡಿನ ಕೊನೆಯ ಭಾಗ ಹೇಗೋ ಕಿವಿಗೆ ಬಿತ್ತು. ಅದು ಮೆಲ್ಲಗೆ ಮೇಲೇಳುವ ರೀತಿಗೆ ನಾನು ಕೂತಲ್ಲಿಯೇ ಅತ್ತೆ. ಅಷ್ಟು ವರ್ಷ ಅದನ್ನು ದೂರವಿಟ್ಟದ್ದಕ್ಕೆ ಇಂದಿಗೂ ನೋವಿದೆ; ಆದ್ದರಿಂದಲೇ ಇನ್ನೊಬ್ಬನನ್ನು ಅದರಿಂದ ದೂರವಿಡುವುದನ್ನು ನೋಡಿದಾಗ ಸುಮ್ಮನಿರಲಾಗಲಿಲ್ಲ.

2024ರಲ್ಲಿ ಗ್ರೌಲ್ ಮರಳಿದ್ದನ್ನು ‘ಬ್ಯಾಂಡು ಮನೆಗೆ ಬಂತು’ ಎಂದು ಸಂಭ್ರಮಿಸುತ್ತಿದ್ದಾರೆ. ಆ ಆಲ್ಬಮ್ ನನಗೂ ಪ್ರಿಯ. ಆದರೆ ಅದರ ಕೊಳಲು, ತಂತಿವಾದ್ಯಗಳು, ಎತ್ತ ತಿರುಗೀತೆಂದು ಊಹಿಸಲಾಗದ ಲಯ, ಇವೆಲ್ಲ ‘ಹೆರಿಟೇಜ್’ನಿಂದ ಆರಂಭವಾದ ದಾರಿಯಲ್ಲಿ ದೊರೆತವು. ‘ಹೆರಿಟೇಜ್’ಗೆ ಟ್ರಾವಿಸ್ ಸ್ಮಿತ್ ರಚಿಸಿದ ಮುಖಪುಟದಲ್ಲಿ ಬ್ಯಾಂಡಿನವರ ಮುಖಗಳು ಒಂದು ಮರದಲ್ಲಿ ಹಣ್ಣುಗಳಾಗಿ ತೂಗುತ್ತಿವೆ. ಆಗಷ್ಟೇ ಹೊರನಡೆದ ಕೀಬೋರ್ಡ್ ವಾದಕ ಪೆರ್ ವೀಬರ್ಗ್ ಅವರ ಮುಖ ಮಾತ್ರ ಕೆಳಗೆ ಬೀಳುತ್ತಿದೆ. ಬೇರುಗಳೂ ಕಾಣುವ ಹಾಗೆ ಆ ಚಿತ್ರವನ್ನು ಬರೆದಿದ್ದಾರೆ. ಹಳೆಯದನ್ನು ಕಡಿದುಹಾಕಿದರೆಂದು ದೂರುವವರು ಅದನ್ನಾದರೂ ನೋಡಬಾರದೇ?

ಹೊರಡುವಾಗ ಆ ಹುಡುಗನಿಗೆ ‘ಫ್ಯಾಮಿನ್’ ಎಂದು ಬರೆದುಕೊಟ್ಟೆ. ದೀಪ ಆರಿಸಿ, ನಡುವೆ ಎದ್ದುಹೋಗದೆ, ಆ ಭಾರದ ರಿಫ್ ಮೇಲೆ ಕೊಳಲು ಬರುವವರೆಗೆ ಕೇಳು ಎಂದೆ.