ಪರಿವಿಡಿ ಪುಟ ಎಲ್ಲಿಂದ ಬಂತು ಬ್ರದರ್?

ಮೊನ್ನೆ ನಮ್ಮ ಸಭೆಯ, ಅಂದ್ರೆ ಚರ್ಚಿನ, ವಾಟ್ಸಾಪ್ ಗ್ರೂಪಿಗೆ ಒಂದು ಪ್ರಸಂಗದ ವಿಡಿಯೊ ಬಂತು. ತಂದೆಯಾದ ದೇವರು ಎಲ್ಲಕ್ಕಿಂತ ಮೊದಲು ಸೃಷ್ಟಿಸಿದ್ದು ಯೇಸುವನ್ನಂತೆ, ಉಳಿದದ್ದೆಲ್ಲ ಆಮೇಲೆ ಅಂತೆ. ಹತ್ತು ನಿಮಿಷದಲ್ಲಿ ಹದಿನಾಲ್ಕು ‘ಆಮೆನ್’. ಅದರಲ್ಲೊಂದು ನಮ್ಮ ಯೂತ್ ಲೀಡರ್‌ದು.

ಈಜಿಪ್ಟಿನ ಅಲೆಕ್ಸಾಂಡ್ರಿಯದ ಅರಿಯಸ್ ಅನ್ನೋ ಪಾದ್ರಿ ಹೇಳಿದ್ದೂ ಇದೇ ಮಾತು. ಅದನ್ನು ಬಗೆಹರಿಸಲಿಕ್ಕೇ 325ರಲ್ಲಿ ಬಿಷಪ್‌ಗಳು ಈಗಿನ ಟರ್ಕಿಯ ನೈಸಿಯದಲ್ಲಿ ಸೇರಿದ್ದು. ಮಗನಾದ ಯೇಸು ತಂದೆಯಿಂದ ಹುಟ್ಟಿದವನು, ಉಂಟುಮಾಡಲ್ಪಟ್ಟವನಲ್ಲ ಅಂತ ಬರೆದಿಟ್ಟರು. 1700 ವರ್ಷದ ಹಳೇ ಜಗಳ ಈಗ ದಾವಣಗೆರೆಯಲ್ಲಿ ‘ಹೊಸ ಪ್ರಕಟನೆ’ ಅಂತ ಫಾರ್ವರ್ಡ್ ಆಗುತ್ತಿದೆ.

ನಮಗೆ ಸಭೆಯ ಚರಿತ್ರೆ ಅಂದ್ರೆ ಮೂರೇ ಮೆಟ್ಟಿಲು. ಅಪೊಸ್ತಲರ ಕೃತ್ಯಗಳು, 1517ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್, ಆಮೇಲೆ ನಮ್ಮ ಪಾಸ್ಟರ್ ಬಾಡಿಗೆ ಹಾಲ್ ಹಿಡಿದದ್ದು. ನಡುವೆ ಬರೀ ಕತ್ತಲು. “ಅದೆಲ್ಲ ಕ್ಯಾಥೊಲಿಕರದ್ದು ಬ್ರದರ್, ನಮಗೆ ಸತ್ಯವೇದ ಸಾಕು.” ನಾನೂ ಹೀಗೇ ಹೇಳಿಕೊಂಡು ತಿರುಗಿದವನೇ. ಆ ಲೂಥರನೇ ಹಳೇ ಸಭೆಯ ಗುರು ಅಗಸ್ಟೀನನ ಹೆಸರಿನ ಸನ್ಯಾಸಿ ಸಂಘದವನು ಅಂತ ಗೊತ್ತಾದಾಗ ಸ್ವಲ್ಪ ಮುಜುಗರ ಆಯ್ತು.

ಹಳಬರು ನೆನಪಾಗೋದು ಬೈಯೋಕೆ ಮಾತ್ರ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದು ಸಭೆ ಕೆಡಿಸಿದ, ಬೈಬಲ್ ಪುಸ್ತಕಗಳನ್ನೂ ಅವನೇ ಆರಿಸಿದ ಅಂತ ಒಂದು ಕಥೆ. ನೈಸಿಯದಲ್ಲಿ ಪುಸ್ತಕಗಳ ಪಟ್ಟಿ ತೀರ್ಮಾನವೇ ಆಗಿಲ್ಲ. ನಮ್ಮ ಹೊಸ ಒಡಂಬಡಿಕೆಯ 27 ಪುಸ್ತಕಗಳು, ಒಂದು ಹೆಚ್ಚಿಲ್ಲ ಒಂದು ಕಡಿಮೆ ಇಲ್ಲ, ಮೊದಲು ಕಾಣೋದು 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ಅರಿಯಸ್‌ಗೆ ಎದುರು ನಿಂತವನೂ ಇವನೇ. ಐದು ಸಲ ಗಡೀಪಾರಾದ. ಮೊದಲ ಸಲ ಓಡಿಸಿದ್ದು ಯಾರು ಗೊತ್ತಾ? ಅದೇ ಕಾನ್‌ಸ್ಟಂಟೈನ್.

ದೂರದ್ದು ಬಿಡಿ. ಪಕ್ಕದ ಬಳ್ಳಾರಿಗೆ 1810ರಲ್ಲಿ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಬೈಬಲನ್ನು ಕನ್ನಡಕ್ಕೆ ತಂದರು. ನಮ್ಮ ಹುಡುಗರಿಗೆ ಆ ಹೆಸರು ಗೊತ್ತಿಲ್ಲ. 1906ರಲ್ಲಿ ಅಮೆರಿಕದ ಅಜುಸಾ ಸ್ಟ್ರೀಟಿನಲ್ಲಿ ಆದ ಉಜ್ಜೀವನ, ಅಂದ್ರೆ ರಿವೈವಲ್, ಗೊತ್ತು. ಅದಕ್ಕೂ ಒಂದು ವರ್ಷ ಮೊದಲೇ, ನಮ್ಮ ಘಟ್ಟದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆ ಹತ್ತಿರ ನಡೆಸಿದ ಮುಕ್ತಿ ಮಿಷನ್‌ನಲ್ಲಿ ಆದ ಉಜ್ಜೀವನ ಗೊತ್ತಿಲ್ಲ!

ಚಿತ್ರದುರ್ಗದ ನಮ್ಮಜ್ಜಿ ಸಿಎಸ್ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾದವಳು. ಓದಿದ್ದು ನಾಲ್ಕನೇ ಕ್ಲಾಸು. ಕರ್ತನ ಭೋಜನದ ಭಾನುವಾರ ಸೆರಗು ತಲೆ ಮೇಲೆ ಎಳೆದುಕೊಂಡು ನೈಸಿಯದ ವಿಶ್ವಾಸಪ್ರಮಾಣ ಹೇಳೋಳು. ಕೈಯಲ್ಲಿ ಪುಸ್ತಕ ತಲೆಕೆಳಗಾಗಿದ್ದರೂ ಬಾಯಲ್ಲಿ ಒಂದು ಪದ ತಪ್ಪುತ್ತಿರಲಿಲ್ಲ. ಅದನ್ನೇ ನಾನು ‘ಸತ್ತ ಆರಾಧನೆ’ ಅಂತ ಬಿಟ್ಟು ಬಂದದ್ದು. ಈ ವಿಡಿಯೊ ಕಿವಿಗೆ ಬಿದ್ದಿದ್ದರೆ ಅಜ್ಜಿ ಅಡುಗೆಮನೆಯಿಂದಲೇ “ಯಾವನೋ ಅವನು, ತಪ್ಪು ಹೇಳ್ತಾನೆ” ಅಂದಿರೋಳು. ನಮ್ಮ ಗ್ರೂಪಿನಲ್ಲಿ ಹಾಗೆ ಅನ್ನೋರು ಒಬ್ಬರೂ ಇರಲಿಲ್ಲ.

ನಿನ್ನೆ ಅರಿಯಸ್ ವಿಷಯ ಗ್ರೂಪಿನಲ್ಲಿ ಬರೆದೆ. “ಬ್ರದರ್, ಇದೆಲ್ಲ ಬೈಬಲ್‌ನ ಯಾವ ಅಧ್ಯಾಯದಲ್ಲಿದೆ?” ಅಂತ ಉತ್ತರ ಬಂತು. ನನ್ನ ಬೈಬಲ್‌ನ ಪರಿವಿಡಿ ಪುಟದ ಫೋಟೊ ತೆಗೆದು ಹಾಕಿದೆ. ಇದು ಯಾವ ಅಧ್ಯಾಯದಲ್ಲಿದೆ ಅಂತ ನಾನೂ ಕೇಳಿದೆ. ಬ್ಲೂ ಟಿಕ್ ಬಂದಿದೆ, ಉತ್ತರ ಇನ್ನೂ ಇಲ್ಲ.